ಏರ್‌ಪೋರ್ಟ್‌ಗಳ ನಂಬರ್ ಲೆಕ್ಕ: ನಮ್ಮ ಬಳ್ಳಾರಿ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ ನನ್ನದು ಸಣ್ಣ ಟಿಕೆಟ್ ಬುಕಿಂಗ್ ಅಂಗಡಿ. ರೈಲು, ಬಸ್ಸು, ವಿಮಾನ ಮೂರೂ ಮಾಡುತ್ತೇನೆ. ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ ಕಡೆಯವರು ಬರುತ್ತಾರೆ. ಕೆಲವೊಮ್ಮೆ ಗಂಗಾವತಿ, ಸಿಂಧನೂರಿನಿಂದಲೂ ಫೋನ್ ಬರುತ್ತದೆ. ಟಿಕೆಟ್ ಪ್ರಿಂಟ್ ಆಗುವಷ್ಟರಲ್ಲಿ ಒಂದಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಯಾವ ಏರ್‌ಪೋರ್ಟ್ ದೊಡ್ಡದು, ಬೆಂಗಳೂರು ಎಷ್ಟನೇ ನಂಬರು, ನಮ್ಮೂರಿಗೆ ಯಾಕೆ ವಿಮಾನ ನಿಲ್ಲೋದಿಲ್ಲ. ಹೇಳಿ ಹೇಳಿ ಬಾಯಿಪಾಠ ಆಗಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪ್ರಪಂಚದಲ್ಲಿ ಅತಿ ಹೆಚ್ಚು ಜನ ಓಡಾಡುವ ಏರ್‌ಪೋರ್ಟ್ ಯಾವುದು?

ಅಮೆರಿಕದ ಅಟ್ಲಾಂಟಾ. 2024ರಲ್ಲಿ ಅಲ್ಲಿ ಸುಮಾರು 10.8 ಕೋಟಿ ಪ್ರಯಾಣಿಕರ ಲೆಕ್ಕ ಬಂದಿದೆ. ಅಂದರೆ ದಿನಕ್ಕೆ ಹತ್ತಿರ ಹತ್ತಿರ 3 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ಚಿಲ್ಲರೆ ಇತ್ತು. ಆ ಲೆಕ್ಕದಲ್ಲಿ ಮುಕ್ಕಾಲು ಬಳ್ಳಾರಿ ಪ್ರತಿದಿನ ಅಲ್ಲಿ ಹತ್ತಿ ಇಳಿಯುತ್ತದೆ ಅಂದುಕೊಳ್ಳಿ.

ಅದೇ ವರ್ಷ ಎರಡನೆಯದು ದುಬೈ, 9.2 ಕೋಟಿ. ಆಮೇಲೆ ಅಮೆರಿಕದ ಡಲ್ಲಾಸ್ ಫೋರ್ಟ್‌ವರ್ತ್, ಟೋಕಿಯೊದ ಹನೇಡಾ, ಲಂಡನ್ನಿನ ಹೀಥ್ರೂ, ಡೆನ್ವರ್, ಇಸ್ತಾಂಬುಲ್, ಶಿಕಾಗೊ. ಒಂಬತ್ತನೆಯದು ನಮ್ಮ ದೆಹಲಿ, 7.78 ಕೋಟಿ. ಹತ್ತನೆಯದು ಶಾಂಘೈನ ಪುಡಾಂಗ್. ಹಿಂದಿನ ವರ್ಷ ದೆಹಲಿ ಹತ್ತನೇ ಜಾಗದಲ್ಲಿತ್ತು.

ನ್ಯೂಯಾರ್ಕ್ ಅಲ್ಲ, ಲಂಡನ್ ಅಲ್ಲ. ಅಟ್ಲಾಂಟಾ ಹೆಂಗೆ ಮೊದಲನೇದು?

ಇದಕ್ಕೆ ನಾನು ಯಾವಾಗಲೂ ಗುಂತಕಲ್ ತೋರಿಸುತ್ತೇನೆ. ಬಳ್ಳಾರಿಯಿಂದ ಐವತ್ತು ಕಿಲೋಮೀಟರ್ ಆಜುಬಾಜಿನಲ್ಲಿರುವ ಊರು. ಅಲ್ಲಿ ನಮ್ಮ ಕಡೆಯವರಿಗೆ ದೊಡ್ಡ ಕೆಲಸ ಏನೂ ಇರುವುದಿಲ್ಲ. ಆದರೂ ಗುಂತಕಲ್ ಪ್ಲಾಟ್‌ಫಾರ್ಮ್ ಮೇಲೆ ರಾತ್ರಿ ಕಳೆಯದ ಬಳ್ಳಾರಿಯವರು ಕಡಿಮೆ. ಯಾಕೆಂದರೆ ಒಂದು ಗೆರೆ ರಾಯಚೂರು ದಾಟಿ ಮುಂಬೈಗೆ, ಒಂದು ಚೆನ್ನೈ ಕಡೆಗೆ, ಒಂದು ಧರ್ಮಾವರಂ ಮೇಲೆ ಬೆಂಗಳೂರಿಗೆ, ಒಂದು ನಂದ್ಯಾಲ ಮೇಲೆ ಗುಂಟೂರಿಗೆ, ಒಂದು ನಮ್ಮ ಕಡೆ ಹೊಸಪೇಟೆ, ಹುಬ್ಬಳ್ಳಿಗೆ. ಅಷ್ಟೂ ಗೆರೆ ಕೂಡುವುದು ಅಲ್ಲಿ. ಜನ ಗುಂತಕಲ್‌ಗೆ ಹೋಗುವುದಿಲ್ಲ, ಗುಂತಕಲ್‌ನಲ್ಲಿ ಗಾಡಿ ಬದಲಿಸುತ್ತಾರೆ.

ಅಟ್ಲಾಂಟಾ ಅಮೆರಿಕದ ವಿಮಾನಗಳಿಗೆ ಗುಂತಕಲ್ ಇದ್ದ ಹಾಗೆ. ಆ ದೇಶದ ಸುಮಾರು ನೂರಕ್ಕೆ ಎಂಬತ್ತು ಜನ ಅಲ್ಲಿಂದ ಎರಡು ಗಂಟೆ ಹಾರಾಟದ ಒಳಗೆ ವಾಸ ಮಾಡುತ್ತಾರೆ. ಡೆಲ್ಟಾ ಎಂಬ ದೊಡ್ಡ ಕಂಪನಿ ಅಲ್ಲೇ ಬೀಡು ಬಿಟ್ಟಿದೆ. ಹತ್ತಾರು ಊರುಗಳ ವಿಮಾನಗಳು ಸ್ವಲ್ಪ ಹೊತ್ತಿನ ಅಂತರದಲ್ಲಿ ಬಂದಿಳಿಯುತ್ತವೆ, ಜನ ಅದಲು ಬದಲು ಆಗುತ್ತಾರೆ, ಮತ್ತೆ ಎಲ್ಲ ವಿಮಾನಗಳೂ ಹೊರಡುತ್ತವೆ. ಅಕ್ಕಪಕ್ಕ ಸಮಾನಾಂತರವಾಗಿ ಐದು ರನ್‌ವೇ ಇರುವುದರಿಂದ ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. 1998ರಿಂದ ಮೊದಲ ಸ್ಥಾನ ಅದರದ್ದೇ. ಒಂದೇ ಒಂದು ವರ್ಷ ತಪ್ಪಿತು, ಅದನ್ನು ಮುಂದೆ ಹೇಳುತ್ತೇನೆ.

ಜನರನ್ನು ಎಣಿಸೋದು ಹೇಗೆ? ಒಬ್ಬರನ್ನು ಒಂದೇ ಸಲ ತಾನೇ?

ಅಲ್ಲ. ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಏರ್‌ಪೋರ್ಟ್ ಎಣಿಸುವುದು ಮನುಷ್ಯರನ್ನಲ್ಲ, ಹತ್ತುವುದನ್ನೂ ಇಳಿಯುವುದನ್ನೂ.

ಸಿರುಗುಪ್ಪದ ಒಬ್ಬ ಅಮ್ಮ ಮಗನ ಮನೆಗೆ ಡಲ್ಲಾಸ್‌ಗೆ ಹೊರಟಿದ್ದರು. ಸೊಸೆಗೆ ಬಾಣಂತನ. ಹೈದರಾಬಾದಿನಿಂದ ದುಬೈ, ದುಬೈಯಿಂದ ಡಲ್ಲಾಸ್. ಟಿಕೆಟ್ ಹಾಳೆಯ ಹಿಂದೆ ಪೆನ್ನಿನಲ್ಲಿ ಗೆರೆ ಹಾಕಿ ತೋರಿಸಿದೆ. ಹೈದರಾಬಾದಿನಲ್ಲಿ ಹತ್ತುತ್ತೀರಿ, ಅಲ್ಲಿ ಒಂದು. ದುಬೈಯಲ್ಲಿ ಇಳಿಯುತ್ತೀರಿ, ಒಂದು. ಅಲ್ಲೇ ಬೇರೆ ವಿಮಾನ ಹತ್ತುತ್ತೀರಿ, ಇನ್ನೊಂದು. ಡಲ್ಲಾಸ್‌ನಲ್ಲಿ ಇಳಿದಾಗ ಮತ್ತೊಂದು. ಹೋಗುವಾಗ ನಾಲ್ಕು, ಬರುವಾಗ ನಾಲ್ಕು. ಒಬ್ಬ ಅಮ್ಮ, ಎಂಟು ಲೆಕ್ಕ. ಅದರಲ್ಲಿ ನಾಲ್ಕು ದುಬೈ ಒಂದಕ್ಕೇ ಹೋಯಿತು, ಅವರು ದುಬೈ ಊರಿನ ಒಂದು ರಸ್ತೆಯನ್ನೂ ನೋಡಲಿಲ್ಲ.

ಅಮ್ಮ ಹಾಳೆ ನೋಡಿ ಕೇಳಿದರು: "ಬಳ್ಳಾರಿಗೆ ಎಷ್ಟು ಬಂತಪ್ಪಾ?"

ಸೊನ್ನೆ. ಸಿರುಗುಪ್ಪಕ್ಕೂ ಸೊನ್ನೆ, ಬಳ್ಳಾರಿಗೂ ಸೊನ್ನೆ. ಈ ಪುಟದ ಉಳಿದ ಉತ್ತರಗಳನ್ನು ಓದುವಾಗ ಈ ಸೊನ್ನೆಯನ್ನು ನೆನಪಿನಲ್ಲಿಡಿ.

ಒಂದು ಸಣ್ಣ ವಿಷಯ ಸೇರಿಸಬೇಕು. ವಿಮಾನ ಬದಲಿಸದೆ, ಅದೇ ವಿಮಾನದಲ್ಲಿ ಕೂತು ಮುಂದಕ್ಕೆ ಹೋಗುವವರನ್ನು ಮಧ್ಯದ ಏರ್‌ಪೋರ್ಟ್ ಒಂದೇ ಸಲ ಎಣಿಸುತ್ತದೆ. ಬದಲಿಸಿದರೆ ಮಾತ್ರ ಎರಡು.

ಒಂದೇ ಏರ್‌ಪೋರ್ಟ್‌ಗೆ ಪೇಪರಿನಲ್ಲಿ ಒಂದು ನಂಬರು, ಟಿವಿಯಲ್ಲಿ ಇನ್ನೊಂದು. ಯಾವುದು ಸರಿ?

ಬಹುತೇಕ ಎರಡೂ ಸರಿ ಇರುತ್ತವೆ. ಪ್ರಪಂಚದ ಪಟ್ಟಿ ಜನವರಿಯಿಂದ ಡಿಸೆಂಬರ್ ಲೆಕ್ಕ. ನಮ್ಮ ದೇಶದ ವಿಮಾನ ನಿಲ್ದಾಣ ಪ್ರಾಧಿಕಾರದ ವಾರ್ಷಿಕ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ದೆಹಲಿಗೆ 2024ರ ಲೆಕ್ಕದಲ್ಲಿ 7.78 ಕೋಟಿ, 2024-25ರ ಲೆಕ್ಕದಲ್ಲಿ 7.9 ಕೋಟಿ. ಬೆಂಗಳೂರಿಗೆ ಹಾಗೇ 4.07 ಕೋಟಿ ಮತ್ತು 4.18 ಕೋಟಿ. ಯಾವ ತಿಂಗಳಿಂದ ಯಾವ ತಿಂಗಳಿಗೆ ಅಂತ ಮೊದಲು ನೋಡಿ. ಆಮೇಲೆ ಒಟ್ಟು ಪ್ರಯಾಣಿಕರೋ, ವಿದೇಶ ಪ್ರಯಾಣಿಕರು ಮಾತ್ರವೋ ನೋಡಿ. ಈ ಎರಡು ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದುಬೈ ಸಣ್ಣ ಊರು. ಅಲ್ಲಿಗೆ ಅಷ್ಟು ಜನ ಎಲ್ಲಿಂದ ಬರುತ್ತಾರೆ?

ನಮ್ಮಿಂದಲೇ! 2024ರಲ್ಲಿ ದುಬೈ ಏರ್‌ಪೋರ್ಟ್‌ನ 9.2 ಕೋಟಿಯಲ್ಲಿ ಸುಮಾರು 1.2 ಕೋಟಿ ಭಾರತಕ್ಕೆ ಹೋಗಿ ಬಂದ ಲೆಕ್ಕ. ಬೇರೆ ಯಾವ ದೇಶವೂ ಅಷ್ಟು ಜನರನ್ನು ಕೊಟ್ಟಿಲ್ಲ.

ಭೂಪಟ ತೆಗೆದು ನೋಡಿ. ಒಂದು ಕಡೆ ಭಾರತ, ಇನ್ನೊಂದು ಕಡೆ ಯುರೋಪು, ಕೆಳಗೆ ಆಫ್ರಿಕಾ. ನಡುವೆ ದುಬೈ. ಅಲ್ಲಿ ಎಮಿರೇಟ್ಸ್ ಕಂಪನಿ ದೊಡ್ಡ ದೊಡ್ಡ ವಿಮಾನಗಳನ್ನೇ ತಂದು ನಿಲ್ಲಿಸಿಕೊಂಡಿದೆ. ಎ380 ಅಂತ ಎರಡು ಅಂತಸ್ತಿನ ವಿಮಾನ ಇದೆಯಲ್ಲ, ಅದರಲ್ಲಿ ಐನೂರರ ಹತ್ತಿರ ಜನ ಹಿಡಿಯುತ್ತಾರೆ. ಎರಡೇ ರನ್‌ವೇ ಇದ್ದರೂ ಒಂದೊಂದು ವಿಮಾನದಲ್ಲಿ ಅಷ್ಟು ಜನ ಬಂದರೆ ಲೆಕ್ಕ ಏರುತ್ತಲೇ ಹೋಗುತ್ತದೆ. 2014ರಲ್ಲಿ ವಿದೇಶ ಪ್ರಯಾಣಿಕರ ಲೆಕ್ಕದಲ್ಲಿ ದುಬೈ ಹೀಥ್ರೂವನ್ನು ದಾಟಿತು, ಆಮೇಲೆ ಆ ಜಾಗ ಬಿಟ್ಟುಕೊಟ್ಟಿಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ಸೀಟು ಹಾರಿಸಬಹುದು ಅಂತ ಸರ್ಕಾರಗಳು ಒಪ್ಪಂದ ಮಾಡಿಕೊಂಡಿರುತ್ತವೆ. ಭಾರತ ಮತ್ತು ದುಬೈ ನಡುವೆ ಎರಡೂ ಕಡೆಯ ಕಂಪನಿಗಳಿಗೆ ವಾರಕ್ಕೆ ತಲಾ ಸುಮಾರು 66 ಸಾವಿರ ಸೀಟು. ಜನ ಇದ್ದರೂ ಅದರ ಮೇಲೆ ಸೀಟು ಹಾಕುವಂತಿಲ್ಲ. ಅದಕ್ಕೇ ಹಬ್ಬ, ರಜೆ ಬಂದಾಗ ದುಬೈ ಟಿಕೆಟ್ ರೇಟು ನೋಡಿ ನೀವು ನನ್ನ ಮುಖ ನೋಡುವುದು.

ನನಗೆ ಇದರಲ್ಲಿ ಕಾಣುವುದು ಒಂದೇ. ಸಿರುಗುಪ್ಪದ ಲೆಕ್ಕ ಹೈದರಾಬಾದಿಗೆ ಹೋದ ಹಾಗೆ, ಹೈದರಾಬಾದಿನ ಲೆಕ್ಕ ದುಬೈಗೆ ಹೋಗುತ್ತದೆ. ನೇರ ವಿಮಾನ ಯಾರಿಗೆ ಇಲ್ಲವೋ ಅವರು ಇನ್ನೊಬ್ಬರ ನಂಬರ್ ಹೆಚ್ಚಿಸುತ್ತಾರೆ.

ಜಾಗ ದೊಡ್ಡದಿದ್ದರೆ ನಂಬರ್ ಮೇಲೆ ಬರುತ್ತದಾ?

ಇಲ್ಲ. ವಿಸ್ತೀರ್ಣದಲ್ಲಿ ಪ್ರಪಂಚದ ಅತಿ ದೊಡ್ಡ ಏರ್‌ಪೋರ್ಟ್ ಸೌದಿ ಅರೇಬಿಯಾದ ದಮ್ಮಾಮ್‌ನದು, ಸುಮಾರು 776 ಚದರ ಕಿಲೋಮೀಟರ್. ಜನರ ಲೆಕ್ಕದ ಮೊದಲ ಹತ್ತರಲ್ಲಿ ಅದು ಇಲ್ಲ.

ಲಂಡನ್ ಅಷ್ಟು ದೊಡ್ಡ ಊರು. ಐದನೇ ಸ್ಥಾನ ಯಾಕೆ?

ಯಾಕೆಂದರೆ ಲಂಡನ್ನಿನ ಜನ ಒಂದೇ ಏರ್‌ಪೋರ್ಟ್‌ಗೆ ಹೋಗುವುದಿಲ್ಲ. ಹೀಥ್ರೂ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಸೌತ್‌ಎಂಡ್ ಅಂತ ಹಂಚಿಕೊಂಡಿದ್ದಾರೆ. ಎಲ್ಲವನ್ನೂ ಕೂಡಿಸಿದರೆ ಊರಿನ ಲೆಕ್ಕದಲ್ಲಿ ಲಂಡನ್ ಅಟ್ಲಾಂಟಾವನ್ನೂ ಮೀರಿಸುತ್ತದೆ. ಟೋಕಿಯೊ ಕೂಡ ಹಾಗೇ, ಹನೇಡಾ ಒಂದು, ನರಿಟಾ ಒಂದು. ಪಟ್ಟಿ ಇರುವುದು ಏರ್‌ಪೋರ್ಟ್‌ಗಳದ್ದು, ಊರುಗಳದ್ದಲ್ಲ.

ಇನ್ನೊಂದು ಕಾರಣ, ಹೀಥ್ರೂಗೆ ಇರುವುದು ಎರಡೇ ರನ್‌ವೇ. ಮೇಲಾಗಿ ವಿಮಾನ ಏರುವುದು, ಇಳಿಯುವುದು ಎರಡೂ ಸೇರಿ ವರ್ಷಕ್ಕೆ 4.8 ಲಕ್ಷ ಸಲಕ್ಕಿಂತ ಜಾಸ್ತಿ ಆಗುವಂತಿಲ್ಲ ಅಂತ ಮಿತಿ ಹಾಕಿದ್ದಾರೆ. ವಿಮಾನ ಹೆಚ್ಚಿಸಲು ಆಗದೆ ಇದ್ದಾಗ ಕಂಪನಿಗಳು ದೊಡ್ಡ ವಿಮಾನ ತರುತ್ತವೆ. ನಂಬರ್ ಏರುವುದು ಆ ದಾರಿಯಿಂದ ಮಾತ್ರ.

ನಮ್ಮ ಮುಂಬೈ ನೋಡಿ. ಎರಡು ರನ್‌ವೇ ಇವೆ, ಆದರೆ ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಒಂದೇ ಹೊತ್ತಿಗೆ ಎರಡನ್ನೂ ಬಳಸಲು ಬರುವುದಿಲ್ಲ. ಅಷ್ಟರಲ್ಲೇ 2018ರ ಡಿಸೆಂಬರ್‌ನ ಒಂದು ದಿನ ಏರುವುದು, ಇಳಿಯುವುದು ಸೇರಿ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ನಿಭಾಯಿಸಿದರು. ಆ ಗೋಪುರದಲ್ಲಿ ಕೂತವರ ಕೆಲಸ ಎಂಥದ್ದು ಅಂತ ಯೋಚನೆ ಮಾಡಿದರೇ ಮೈ ಜುಮ್ ಅನ್ನುತ್ತದೆ. 2024-25ರಲ್ಲಿ ಮುಂಬೈ 5.5 ಕೋಟಿ ಮುಟ್ಟಿತು. ದೆಹಲಿಗೆ ನಾಲ್ಕು ರನ್‌ವೇ, ನಾಲ್ಕನೆಯದು ಶುರುವಾಗಿದ್ದು 2023ರಲ್ಲಿ. ದೆಹಲಿ, ಮುಂಬೈ ನಡುವಿನ ಅಂತರಕ್ಕೆ ಇದೂ ಒಂದು ದೊಡ್ಡ ಕಾರಣ. ನವಿ ಮುಂಬೈ ಏರ್‌ಪೋರ್ಟ್ 2025ರಲ್ಲಿ ತೆರೆದಿದೆ. ಇನ್ನು ಮುಂದೆ ಮುಂಬೈ ಲೆಕ್ಕವೂ ಎರಡು ಖಾತೆಗೆ ಹೋಗುತ್ತದೆ. ಹಳೆಯ ಏರ್‌ಪೋರ್ಟ್‌ನ ನಂಬರ್ ಇಳಿದರೆ ಮುಂಬೈಯಲ್ಲಿ ಜನ ಕಡಿಮೆಯಾದರು ಅಂದುಕೊಳ್ಳಬೇಡಿ.

ರೈಲು ಚೆನ್ನಾಗಿದ್ದರೆ ವಿಮಾನಕ್ಕೆ ಜನ ಕಡಿಮೆ ಆಗುತ್ತಾರಾ?

ಖಂಡಿತ ಆಗುತ್ತಾರೆ. ಇದಕ್ಕೆ ಚೆಂದದ ಉದಾಹರಣೆ ದಕ್ಷಿಣ ಕೊರಿಯಾದಲ್ಲಿದೆ. ಪ್ರಪಂಚದಲ್ಲಿ ಅತಿ ಹೆಚ್ಚು ವಿಮಾನ ಸೀಟು ಓಡುವ ದಾರಿ ಲಂಡನ್-ನ್ಯೂಯಾರ್ಕ್ ಅಲ್ಲ, ಸಿಯೋಲ್‌ನಿಂದ ಜೇಜು. ಒಂದು ಗಂಟೆ ಹಾರಾಟ ಅಷ್ಟೇ. ಜೇಜು ದ್ವೀಪ, ರೈಲು ಹೋಗುವುದಿಲ್ಲ. ಎಲ್ಲರೂ ವಿಮಾನವೇ ಹತ್ತಬೇಕು.

ನಮ್ಮಲ್ಲಿ ತಿರುವುಮುರುವು. ಬಳ್ಳಾರಿಯವರು ರಾತ್ರಿ ಊಟ ಮಾಡಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿ ಏಳುತ್ತಾರೆ. ಸ್ಲೀಪರ್ ಬಸ್ಸುಗಳಂತೂ ಬೇಕಾದಷ್ಟಿವೆ. ಲಾಡ್ಜ್ ಖರ್ಚೂ ಉಳಿಯಿತು, ಹಗಲೂ ಉಳಿಯಿತು. ಬೆಂಗಳೂರಿಗೆ ಅಂತ ನಮ್ಮ ಕಡೆ ವಿಮಾನ ಹಾಕುವ ಯಾವ ಕಂಪನಿಯಾದರೂ ಈ ರಾತ್ರಿ ರೈಲಿನ ಜೊತೆ ಪೈಪೋಟಿ ಮಾಡಬೇಕು.

ಅಟ್ಲಾಂಟಾ ಮೊದಲ ಸ್ಥಾನ ಕಳೆದುಕೊಂಡಿದ್ದು ಯಾವಾಗ?

2020, ಕೊರೋನಾ ವರ್ಷ. ಚೀನಾದ ಗ್ವಾಂಗ್‌ಝೌ 4.4 ಕೋಟಿ ಹತ್ತಿರದ ಲೆಕ್ಕದಲ್ಲೇ ಮೊದಲನೆಯದಾಯಿತು. ಹಿಂದಿನ ವರ್ಷ ಅಟ್ಲಾಂಟಾ 11 ಕೋಟಿ ದಾಟಿತ್ತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ, ಎಷ್ಟು ಕುಸಿತ ಅಂತ ತಿಳಿಯುತ್ತದೆ. ಚೀನಾದಲ್ಲಿ ದೇಶದ ಒಳಗಿನ ಹಾರಾಟ ಬೇಗ ಶುರುವಾಯಿತು, ಅದೇ ಅದನ್ನು ಮೇಲೆತ್ತಿತು. ದೇಶದೊಳಗಿನ ಪ್ರಯಾಣಿಕರು ಇಲ್ಲದ ಸಿಂಗಾಪುರದಂಥ ಏರ್‌ಪೋರ್ಟ್‌ಗಳು ಗಡಿ ಮುಚ್ಚಿದ ದಿನವೇ ಬರಿದಾದವು. 2021ಕ್ಕೆ ಅಟ್ಲಾಂಟಾ ಮತ್ತೆ ತನ್ನ ಜಾಗಕ್ಕೆ ಬಂತು.

ಆ ವರ್ಷ ನನ್ನ ಅಂಗಡಿಯ ಶಟರ್ ಎಷ್ಟೋ ತಿಂಗಳು ಕೆಳಗೇ ಇತ್ತು. ಹಣ ವಾಪಸ್ ಕೇಳಿಕೊಂಡು ಬರುವ ಫೋನು ಬಿಟ್ಟರೆ ಬೇರೆ ಫೋನಿಲ್ಲ.

ಬೆಂಗಳೂರು ಎಷ್ಟನೇದು? ಹೈದರಾಬಾದಿಗಿಂತ ಯಾಕೆ ಮುಂದೆ?

ದೇಶದಲ್ಲಿ ದೆಹಲಿ, ಮುಂಬೈ ಆದಮೇಲೆ ಮೂರನೆಯದು ಬೆಂಗಳೂರು. ಹೈದರಾಬಾದ್ ನಾಲ್ಕನೆಯದು. ವಿಶೇಷ ಏನೆಂದರೆ ಎರಡೂ ಹೊಸ ಏರ್‌ಪೋರ್ಟ್‌ಗಳು ಒಂದೇ ವರ್ಷ ಶುರುವಾದವು, 2008ರಲ್ಲಿ. ಹೈದರಾಬಾದಿನ ಶಂಷಾಬಾದ್ ಮಾರ್ಚ್‌ನಲ್ಲಿ, ಬೆಂಗಳೂರಿನ ದೇವನಹಳ್ಳಿ ಮೇ ತಿಂಗಳಲ್ಲಿ.

ಬೆಂಗಳೂರಿಗೆ ಐಟಿ ಕೆಲಸದವರ ಓಡಾಟ ಇದೆ. ಅವರ ಕಂಪನಿ ಟಿಕೆಟ್ ಕೊಡುತ್ತದೆ, ರೇಟು ನೋಡಿ ಹಿಂಜರಿಯುವುದಿಲ್ಲ. ಹೊರ ರಾಜ್ಯದ ಹುಡುಗ ಹುಡುಗಿಯರು ಲಕ್ಷಗಟ್ಟಲೆ ಇದ್ದಾರೆ, ಹಬ್ಬಕ್ಕೆ ಊರಿಗೆ ಹೋಗಿ ಬರುತ್ತಾರೆ. ಪಟ್ನಾ, ಗುವಾಹಟಿಗೆ ರೈಲಿನಲ್ಲಿ ಎರಡು ದಿನ ಹಿಡಿಯುವ ಹಾದಿ, ಹಾಗಾಗಿ ವಿಮಾನ. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು, 2023ರ ಜನವರಿಯಲ್ಲಿ ಎರಡನೇ ಟರ್ಮಿನಲ್ ಕೆಲಸ ಶುರು ಮಾಡಿತು. ಜನ ಬರಲು ಸಿದ್ಧ ಇದ್ದರು, ಜಾಗ ಸಿಕ್ಕ ಕೂಡಲೇ ಬಂದರು.

ಮತ್ತೊಂದು ವಿಷಯ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೈಸೂರು, ಹಾಸನ ಬಿಟ್ಟರೆ ದೇವನಹಳ್ಳಿ ಏರ್‌ಪೋರ್ಟ್‌ನ ಸುತ್ತ 150 ಕಿಲೋಮೀಟರ್ ಒಳಗೆ 2033ರವರೆಗೆ ಹೊಸ ಏರ್‌ಪೋರ್ಟ್ ತೆರೆಯುವಂತಿಲ್ಲ ಅಂತ ಒಪ್ಪಂದ ಇದೆ. ಹೊಸದು ಬಂದಾಗ ಹಳೆಯ ಎಚ್‌ಎಎಲ್ ಏರ್‌ಪೋರ್ಟ್‌ನಿಂದ ಸಾರ್ವಜನಿಕ ಹಾರಾಟವನ್ನೂ ನಿಲ್ಲಿಸಿದರು. ಹಾಗಾಗಿ ಲಂಡನ್ನಿನ ಹಾಗೆ ಹಂಚಿಹೋಗದೆ ಬೆಂಗಳೂರಿನ ಅಷ್ಟೂ ಜನ ಒಂದೇ ಖಾತೆಯಲ್ಲಿ ಸೇರುತ್ತಾರೆ. ಅವರ ಜೊತೆ ಬಳ್ಳಾರಿ, ಚಿತ್ರದುರ್ಗ, ಅನಂತಪುರದವರೂ.

"ಅತಿ ವೇಗವಾಗಿ ಬೆಳೆಯುತ್ತಿರುವ ಏರ್‌ಪೋರ್ಟ್" ಅಂತ ಜಾಹೀರಾತು ಬರುತ್ತಲ್ಲ, ನಂಬಬಹುದಾ?

ನಂಬಿ, ಆದರೆ ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಿ. ಹತ್ತು ಸಾವಿರ ಇದ್ದದ್ದು ಇಪ್ಪತ್ತು ಸಾವಿರ ಆದರೆ ನೂರಕ್ಕೆ ನೂರು ಬೆಳವಣಿಗೆ. ಬೆಂಗಳೂರು ಒಂದು ವರ್ಷದಲ್ಲಿ 3.75 ಕೋಟಿಯಿಂದ 4.18 ಕೋಟಿಗೆ ಹೋಯಿತು, ಅದು ಬರೀ ಹನ್ನೊಂದು ಹನ್ನೆರಡು ಪರ್ಸೆಂಟು. ಆದರೆ ಜಾಸ್ತಿಯಾಗಿದ್ದು ನಲವತ್ತು ಲಕ್ಷದ ಮೇಲೆ. ಮಂಗಳೂರು ನಮ್ಮ ರಾಜ್ಯದ ಎರಡನೇ ದೊಡ್ಡ ಏರ್‌ಪೋರ್ಟ್, ಅದರ ಇಡೀ ವರ್ಷದ ಲೆಕ್ಕವೇ ಇಪ್ಪತ್ತು ಲಕ್ಷದ ಸುಮಾರು!

ನಂಬರ್ ಒನ್ ಅಂದರೆ ತುಂಬಾ ಚೆನ್ನಾಗಿದೆ ಅಂತಲಾ?

ಅಲ್ಲ. ಸೌಕರ್ಯ, ಸ್ವಚ್ಛತೆಗೆ ಬೇರೆ ಪಟ್ಟಿಗಳಿವೆ. ಅವುಗಳಲ್ಲಿ ಸಿಂಗಾಪುರದ ಚಾಂಗಿ ಎಷ್ಟೋ ಸಲ ಮೊದಲು ಬಂದಿದೆ, ಜನರ ಲೆಕ್ಕದಲ್ಲಿ ಅದು ಮೊದಲ ಹತ್ತರಲ್ಲೂ ಇಲ್ಲ.

ಸರಕಿನ ಲೆಕ್ಕ?

ಅದು ಬೇರೆಯೇ ಪಟ್ಟಿ. ಅಲ್ಲಿ ಹಾಂಗ್‌ಕಾಂಗ್ ಮೊದಲು. ಅಮೆರಿಕದ ಮೆಂಫಿಸ್ ಅದರ ಬೆನ್ನಿಗಿರುವ ಏರ್‌ಪೋರ್ಟ್‌ಗಳಲ್ಲಿ ಒಂದು, ಫೆಡೆಕ್ಸ್ ಕಂಪನಿ ರಾತ್ರಿಯಿಡೀ ಅಲ್ಲಿ ಪಾರ್ಸೆಲ್ ವಿಂಗಡಿಸುತ್ತದೆ. ನಮ್ಮ ಬಳ್ಳಾರಿ ಜೀನ್ಸ್ ಆಗಲಿ, ಸಿಂಧನೂರು, ಗಂಗಾವತಿ ಅಕ್ಕಿಯಾಗಲಿ ಲಾರಿ ಮೇಲೆ ಹೋಗುವ ಮಾಲು. ತೂಕ ಜಾಸ್ತಿ ಇದ್ದು ಬೆಲೆ ಕಡಿಮೆ ಇದ್ದರೆ ವಿಮಾನ ಗಿಟ್ಟುವುದಿಲ್ಲ.

ತೋರಣಗಲ್ಲಿನಲ್ಲಿ ಏರ್‌ಪೋರ್ಟ್ ಇದೆಯಲ್ಲ? ಅದರ ನಂಬರ್ ಯಾಕೆ ಏರಲಿಲ್ಲ?

ಇದೆ. ವಿದ್ಯಾನಗರ ಏರ್‌ಪೋರ್ಟ್. ನಮ್ಮ ಜನ ಜಿಂದಾಲ್ ಏರ್‌ಪೋರ್ಟ್ ಅಂತಲೇ ಕರೆಯುತ್ತಾರೆ, ಉಕ್ಕಿನ ಕಾರ್ಖಾನೆಯವರು ಕಟ್ಟಿದ್ದು. ಬಳ್ಳಾರಿ, ಹೊಸಪೇಟೆ ನಡುವೆ, ಹಂಪಿಗೂ ಹತ್ತಿರ. ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ 2017ರಲ್ಲಿ ಟ್ರೂಜೆಟ್ ಇಲ್ಲಿಂದ ಹೈದರಾಬಾದಿಗೆ ಹಾರಿತು. ಆ ಕಂಪನಿ 2022ರಲ್ಲಿ ಹಾರಾಟ ನಿಲ್ಲಿಸಿತು.

ಇಲ್ಲಿ ಒಂದು ಲೆಕ್ಕ ಮಾಡೋಣ. ಇಂಥ ದಾರಿಗೆ ಹಾಕುವುದು ಎಟಿಆರ್ ವಿಮಾನ, ರೆಕ್ಕೆ ಮೇಲೆ ಫ್ಯಾನಿನಂಥ ಎಂಜಿನ್ ಇರುತ್ತದಲ್ಲ, ಅದು. ಎಪ್ಪತ್ತೆರಡು ಸೀಟು ಅಂದುಕೊಳ್ಳಿ. ದಿನಕ್ಕೆ ಒಂದು ಸಲ ಬಂದು ಹೋದರೆ, ವರ್ಷದ 365 ದಿನವೂ ಒಂದು ಸೀಟೂ ಖಾಲಿ ಇಲ್ಲದೆ ಓಡಿದರೆ 52,560. ಬೆಂಗಳೂರಿನಲ್ಲಿ ಒಂದು ದಿನಕ್ಕೆ 1 ಲಕ್ಷ 14 ಸಾವಿರ ಜನರ ಲೆಕ್ಕ ಬರುತ್ತದೆ. ನಮ್ಮ ಒಂದು ವರ್ಷದ ಪೂರ್ತಿ ವಿಮಾನ ಅವರ ಅರ್ಧ ದಿನಕ್ಕೂ ಸಮ ಆಗುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಹೋಗಬೇಕು ಅಂತಿದ್ದಾರೆ ಅನ್ನುವುದನ್ನು ಈ ನಂಬರ್ ಹೇಳುವುದಿಲ್ಲ. ನಮಗೆ ಎಷ್ಟು ಸೀಟು ಕೊಟ್ಟರು ಅನ್ನುವುದನ್ನು ಮಾತ್ರ ಹೇಳುತ್ತದೆ.

ಉಡಾನ್‌ನಲ್ಲಿ ಕಂಪನಿಗೆ ನಷ್ಟ ತುಂಬಿಕೊಡುವುದು ಮೂರು ವರ್ಷ. ಆಮೇಲೆ ಸ್ವಂತ ಕಾಲ ಮೇಲೆ ನಿಲ್ಲಬೇಕು. ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ನೋಡಿದರೆ ಇದು ಬಳ್ಳಾರಿಯ ಕಥೆ ಮಾತ್ರ ಅಲ್ಲ ಅಂತ ತಿಳಿಯುತ್ತದೆ. ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ 774 ದಾರಿಗಳನ್ನು ಹಂಚಿದ್ದರು. ಹಾರಾಟ ಶುರುವಾಗಿದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ಆಮೇಲೂ ಉಳಿದುಕೊಂಡಿದ್ದು 54.

ಸಣ್ಣ ಏರ್‌ಪೋರ್ಟ್‌ನ ಇನ್ನೊಂದು ಕಷ್ಟ ನಂಬಿಕೆಯದು. ಒಮ್ಮೆ ಕುರುಗೋಡಿನ ಒಂದು ಮನೆಯವರಿಗೆ ಇಂಥ ಸಣ್ಣ ವಿಮಾನದಲ್ಲಿ ಹೈದರಾಬಾದಿಗೆ ಟಿಕೆಟ್ ಮಾಡಿಕೊಟ್ಟಿದ್ದೆ. ಅಲ್ಲಿಂದ ಮುಂದಕ್ಕೆ ದೆಹಲಿ ವಿಮಾನ, ದೆಹಲಿಯಲ್ಲಿ ಆಸ್ಪತ್ರೆಯ ಅಪಾಯಿಂಟ್‌ಮೆಂಟ್. ಬೆಳಗಿನ ಜಾವ ವಿಮಾನ ರದ್ದು ಅಂತ ಮೆಸೇಜ್ ಬಂತು. ಬಾಡಿಗೆ ಕಾರು ಮಾಡಿ ಕಳಿಸಿದೆ, ಆದರೂ ಮುಂದಿನ ವಿಮಾನ ಸಿಗಲಿಲ್ಲ. ಎರಡು ಟಿಕೆಟ್ ಬೇರೆ ಬೇರೆ ಮಾಡಿದ್ದರಿಂದ ದೆಹಲಿ ಟಿಕೆಟ್ಟಿನ ದುಡ್ಡೂ ಹೋಯಿತು. ಆ ಮನೆಯ ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ, "ಇನ್ನ ಮ್ಯಾಲೆ ನೇರ ಹೈದರಾಬಾದಿಗೇ ಹೋಗ್ತೀವಿ ಬಿಡಣ್ಣ" ಅಂದರು ಅಷ್ಟೇ. ಹೀಗೆ ಒಂದು ಮನೆ ಕೈಬಿಟ್ಟರೆ ಅವರ ನೆಂಟರು, ಪಕ್ಕದ ಮನೆಯವರು ಎಲ್ಲರೂ ಕೈಬಿಡುತ್ತಾರೆ. ಸೀಟು ಖಾಲಿ ಉಳಿಯುತ್ತದೆ. ಖಾಲಿ ಸೀಟು ತೋರಿಸಿ ವಿಮಾನ ತೆಗೆಯುತ್ತಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಅಂತ ಬೇರೆ ಏರ್‌ಪೋರ್ಟ್ ಬರುತ್ತಾ?

ಬಳ್ಳಾರಿಗೆ ಚಾಗನೂರು-ಸಿರಿವಾರ ಹತ್ತಿರ ಅಂತ ಜಮೀನು ತೆಗೆದುಕೊಂಡು ಎಷ್ಟೋ ವರ್ಷಗಳಾದವು. ಫಲವತ್ತಾದ ನೀರಾವರಿ ಭೂಮಿ ಅಂತ ರೈತರು ಆಗ ಹೋರಾಟ ಮಾಡಿದ್ದರು. ರಾಯಚೂರಿಗೆ ಯರಮರಸ್ ಹತ್ತಿರ ಯೋಜನೆ ಇದೆ. ಕೊಪ್ಪಳ ಜಿಲ್ಲೆಯಲ್ಲಿ ಗಿಣಿಗೇರಿ ಬಳಿ ಬಸಾಪುರದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ.

"ಇಷ್ಟು ಹತ್ತಿರ ಹತ್ತಿರ ಮೂರು ನಾಲ್ಕು ಬೇಕಾ?" ಅಂತ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ತೋರಣಗಲ್ಲು, ಚಾಗನೂರು, ಬಸಾಪುರ ಮೂರೂ ಒಂದೇ ಜನರನ್ನು ಹಂಚಿಕೊಂಡರೆ ಯಾವುದಕ್ಕೂ ವಿಮಾನ ತುಂಬುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬಳ್ಳಾರಿ, ವಿಜಯನಗರ, ಕೊಪ್ಪಳ ಮೂರೂ ಜಿಲ್ಲೆಗೆ ಒಂದೇ ಏರ್‌ಪೋರ್ಟ್ ಸಾಕು. ಆದರೆ ಅಲ್ಲಿ ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ವಿಮಾನ ತಪ್ಪದೆ ಇರಬೇಕು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಬರುವಂತಿದ್ದರೆ ಉಕ್ಕಿನ ಕಾರ್ಖಾನೆಯವರು, ಗಣಿಯವರು, ಜೀನ್ಸ್ ವ್ಯಾಪಾರಿಗಳು ಹತ್ತುತ್ತಾರೆ. ಹಂಪಿ, ಅಂಜನಾದ್ರಿಗೆ ಬರುವವರು ಇದ್ದೇ ಇದ್ದಾರೆ, ಅವರು ಚಳಿಗಾಲಕ್ಕೆ ಜಾಸ್ತಿ. ಬೇಸಿಗೆಯಲ್ಲಿ ವಿಮಾನ ಉಳಿಸುವವರು ಊರಿನವರೇ. ರಾಯಚೂರಿನ ಮಾತು ಬೇರೆ, ಅದು ದೂರ, ಅಲ್ಲಿಯವರ ಓಡಾಟ ಹೈದರಾಬಾದ್ ಕಡೆ.

2019ರಲ್ಲಿ ಕಲಬುರಗಿಗೆ, 2020ರಲ್ಲಿ ಬೀದರ್‌ಗೆ, 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ಬಂತು. ಕಲಬುರಗಿ ರನ್‌ವೇ ಮೂರು ಕಿಲೋಮೀಟರ್‌ಗೂ ಉದ್ದ, ದೊಡ್ಡ ವಿಮಾನವೇ ಇಳಿಯಬಹುದು. ರನ್‌ವೇ ಉದ್ದ ಇದ್ದ ಮಾತ್ರಕ್ಕೆ ದೊಡ್ಡ ವಿಮಾನ ಬಂದು ಇಳಿಯುವುದಿಲ್ಲ ಅನ್ನುವುದಕ್ಕೂ ಅದೇ ಸಾಕ್ಷಿ.

ನಮ್ಮ ಕಡೆಯವರು ಸದ್ಯಕ್ಕೆ ಯಾವ ಏರ್‌ಪೋರ್ಟ್‌ಗೆ ಹೋಗೋದು ಒಳ್ಳೇದು?

ಎಲ್ಲಿಗೆ ಹೋಗುತ್ತೀರಿ, ಎಲ್ಲಿಂದ ಹೊರಡುತ್ತೀರಿ ಅನ್ನುವುದರ ಮೇಲೆ. ರಾಯಚೂರು, ಮಾನ್ವಿ, ದೇವದುರ್ಗದವರಿಗೆ ಶಂಷಾಬಾದ್. ಅದು ಹೈದರಾಬಾದಿನ ದಕ್ಷಿಣಕ್ಕಿದೆ, ಮಹಬೂಬ್‌ನಗರ ಮೇಲೆ ಹೋದರೆ ಊರೊಳಗಿನ ಟ್ರಾಫಿಕ್ ಮುಟ್ಟುವುದೇ ಬೇಡ. ಕೊಪ್ಪಳ, ಯಲಬುರ್ಗಾ, ಕುಕನೂರಿನವರು ದೇಶದೊಳಗಿನ ಪ್ರಯಾಣಕ್ಕೆ ಮೊದಲು ಹುಬ್ಬಳ್ಳಿ ನೋಡಿ, ಕೊಪ್ಪಳದಿಂದ ಎರಡು ಗಂಟೆ ಸುಮಾರು.

ಬಳ್ಳಾರಿಯವರು ಬೆಂಗಳೂರಿಗೆ ಹೋಗುವಾಗ ಊರೊಳಗೆ ಇಳಿದು ಮತ್ತೆ ಏರ್‌ಪೋರ್ಟ್‌ಗೆ ವಾಪಸ್ ಹೋಗುತ್ತಾರೆ. ಸುಮ್ನೆ ಎರಡು ಗಂಟೆ ದಂಡ. ಕಾರಿನಲ್ಲಾದರೆ ಅನಂತಪುರ ಸೇರಿ 44ನೇ ಹೆದ್ದಾರಿ ಹಿಡಿಯಿರಿ, ಪೆನುಕೊಂಡ, ಚಿಕ್ಕಬಳ್ಳಾಪುರ ದಾಟಿದ ಮೇಲೆ ದೇವನಹಳ್ಳಿ, ಬೆಂಗಳೂರಿಗಿಂತ ಮೊದಲೇ ಏರ್‌ಪೋರ್ಟ್ ಸಿಗುತ್ತದೆ. ಬೆಳಗಿನ ವಿಮಾನ ಇದ್ದರೆ ರಾತ್ರಿ ಹತ್ತಕ್ಕೇ ಹೊರಡಿ. ಡ್ರೈವರ್‌ಗೆ ಮಧ್ಯಾಹ್ನ ನಿದ್ದೆ ಆಗಿದೆಯಾ ಅಂತ ಕೇಳುವುದನ್ನು ಮರೆಯಬೇಡಿ. ವಿಮಾನಕ್ಕಿಂತ ನನಗೆ ಭಯ ಇರುವುದು ಆ ರಾತ್ರಿ ರಸ್ತೆಯದ್ದೇ.

ಮತ್ತೆ, ಎರಡು ವಿಮಾನ ಬದಲಿಸುವುದಿದ್ದರೆ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ. ಮೊದಲನೆಯದು ತಡವಾದರೆ ಮುಂದಿನದಕ್ಕೆ ಸೇರಿಸುವ ಹೊಣೆ ಕಂಪನಿಯದ್ದಾಗುತ್ತದೆ. ಕುರುಗೋಡಿನವರ ವಿಷಯದಲ್ಲಿ ನಾನು ಕಲಿತದ್ದು ಇದು.

ನಮ್ಮ ಸೊನ್ನೆ ಲೆಕ್ಕ ಬದಲಾಗೋದು ಹೇಗೆ?

ವಿಮಾನ ಕಂಪನಿಯವರಿಗೆ ಟಿಕೆಟ್ಟಿನಲ್ಲಿ ಕಾಣುವುದು ಹತ್ತಿದ ಏರ್‌ಪೋರ್ಟ್. ಸಿರುಗುಪ್ಪದಿಂದ ರಾತ್ರಿಯಿಡೀ ಕಾರಿನಲ್ಲಿ ಬಂದವರೂ ಅವರ ಲೆಕ್ಕದಲ್ಲಿ ಹೈದರಾಬಾದಿನವರೇ. "ಬಳ್ಳಾರಿ ಕಡೆ ಪ್ರಯಾಣಿಕರಿಲ್ಲ" ಅನ್ನುವ ಮಾತು ಬರುವುದು ಅಲ್ಲಿಂದ.

ಅದಕ್ಕೆ ಕೌಂಟರ್‌ನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ವಿಮಾನ ಟಿಕೆಟ್ ಮಾಡಿಸಿದವರ ಹೆಸರು ಬರೆಯುವುದಿಲ್ಲ. ನಾಲ್ಕೇ ಕಾಲಂ: ಹೊರಟ ಊರು, ಹತ್ತಿದ ಏರ್‌ಪೋರ್ಟ್, ತಲುಪಿದ ಊರು, ಅಲ್ಲಿಯವರೆಗೆ ಕಾರು ಬಸ್ಸಿಗೆ ಆದ ಖರ್ಚು. ನಮ್ಮ ಊರುಗಳ ಬೇರೆ ಬುಕಿಂಗ್ ಅಂಗಡಿಯವರಿಗೂ ಹಾಗೇ ಬರೆದಿಡಿ ಅಂತ ಹೇಳುತ್ತಿದ್ದೇನೆ. ಗಂಗಾವತಿ, ಸಿಂಧನೂರು, ಹೊಸಪೇಟೆ, ಸಂಡೂರು ಎಲ್ಲ ಕಡೆಯ ಪುಟಗಳು ಸೇರಿದರೆ ವಾಣಿಜ್ಯ ಸಂಘದವರ ಕೈಗೆ, ಸಂಸದರ ಕೈಗೆ ಕೊಡಲು ಒಂದು ಕಾಗದ ಆಗುತ್ತದೆ. ನೀವು ಟಿಕೆಟ್ ಬೇರೆ ಎಲ್ಲೇ ಮಾಡಿಸಿದ್ದರೂ ಪರವಾಗಿಲ್ಲ, ಈ ಕಡೆ ಬಂದಾಗ ಎರಡು ನಿಮಿಷ ನಿಂತು ನಿಮ್ಮ ಸಾಲು ಬರೆಸಿ ಹೋಗಿ. ಮೊದಲನೇ ಪುಟದ ಮೊದಲನೇ ಸಾಲು ಆ ಅಮ್ಮನದು: ಸಿರುಗುಪ್ಪ, ಶಂಷಾಬಾದ್, ಡಲ್ಲಾಸ್. ಕಾರಿನ ಖರ್ಚಿನ ಕಾಲಂ ಅವರು ವಾಪಸ್ ಬಂದು ಮೊಮ್ಮಗಳ ಫೋಟೊ ತೋರಿಸಿದ ದಿನ ತುಂಬಿಸಿದೆ.